ಬಿಂದಿಗೆಯೂ ಬುದ್ಧಿಯೂ

"ಯಾಕ್ಲಾ, ನಿನ್ ತಲೇಲಿ ಮೆದುಳೈತೋ, ಇಲ್ಲ ಕೆರೆ ಜೇಡಿಮಣ್ಣೈತೋ?"

ಈ ಮಾತು ಬೀಳದೆ ಶಾಲೆ ದಾಟಿದ ಕೇರಿಯ ಮಕ್ಕಳು ನಮ್ಮ ತುಮಕೂರು ಸೀಮೆಯಲ್ಲಿ ಎಷ್ಟು ಮಂದಿ ಇದ್ದಾರು? ಗುಬ್ಬಿ ಕಡೆಯ ಹಳ್ಳಿ ಶಾಲೆಯಲ್ಲಿ ಇದನ್ನು ಕೇಳಿದ್ದೇವೆ, ಕುಣಿಗಲ್ ಕಡೆಯೂ ಕೇಳಿದ್ದೇವೆ. ತುಮಕೂರು ಪಟ್ಟಣದ ಹಾಸ್ಟೆಲ್ ಹುಡುಗರು ಕಾಲೇಜಿನಿಂದ ಎದೆಯಲ್ಲಿ ಹೊತ್ತು ತಂದದ್ದನ್ನೂ ಕೇಳಿದ್ದೇವೆ. ಹಳ್ಳಿಯಲ್ಲಿ ಜೇಡಿಮಣ್ಣು ಅನ್ನಿಸಿಕೊಂಡದ್ದೇ ಪಟ್ಟಣಕ್ಕೆ ಬಂದಾಗ ಪ್ಯಾಂಟು ಶರ್ಟು ತೊಟ್ಟು 'ಮೆರಿಟ್' ಆಗುತ್ತದೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಬೀದಿಬೀದಿಯಲ್ಲಿ ಗಲಾಟೆಯಾಯಿತು, ಅವರ ಮಂತ್ರಿಗಿರಿಯೇ ಹೋಯಿತು. ಪುಸ್ತಕಕ್ಕೆ ಬೂಸಾ ಅಂದರೆ ಸಹಿಸದ ನಾಡು ಮಕ್ಕಳ ತಲೆಗೆ ಜೇಡಿಮಣ್ಣು ಅನ್ನುವುದನ್ನು ದಿನಾ ಸಹಿಸುತ್ತದೆ.

ನಾವು ಇದಕ್ಕೆ ಉತ್ತರ ಕೊಡುತ್ತಲೇ ಬಂದಿದ್ದೇವೆ. ಬಾಬಾಸಾಹೇಬರ ಪದವಿಗಳನ್ನು ಎಣಿಸಿ ತೋರಿಸುತ್ತೇವೆ, ನಮ್ಮ ಕೇರಿಯಿಂದ ಬಂದ ಡಾಕ್ಟರು, ಇಂಜಿನಿಯರು, ಕವಿಗಳ ಹೆಸರು ಹೇಳುತ್ತೇವೆ. ಉತ್ತರ ಸುಳ್ಳಲ್ಲ. ಆದರೆ ಹಾಗೆ ಉತ್ತರಿಸುವಾಗಲೇ ಅವರ ತಕ್ಕಡಿಯನ್ನು ಒಪ್ಪಿಕೊಂಡು ಅದರ ತಟ್ಟೆಗೆ ನಮ್ಮವರನ್ನು ಹತ್ತಿಸುತ್ತೇವೆ. ತಕ್ಕಡಿಗೆ ಹಾಕುವ ಮೊದಲು ಆ ಮೆದುಳು ಏನು ಕುಡಿದಿತ್ತು, ಎಷ್ಟು ಕುಡಿದಿತ್ತು ಎಂದು ಯಾರೂ ಕೇಳಲಿಲ್ಲ. ನಾವೂ ಸರಿಯಾಗಿ ಕೇಳಿಲ್ಲ.

ಮೆದುಳಿನ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಅದು ಎಲ್ಲರ ಮೆದುಳು. ಮಠದವರದ್ದಾಗಲಿ ಹಟ್ಟಿಯವರದ್ದಾಗಲಿ ಲೆಕ್ಕ ಒಂದೇ. ಮೈಯ ನೀರು ಇಳಿದರೆ ಮೊದಲು ಬಾಯಾರುತ್ತದೆ, ಆಮೇಲೆ ತಲೆ ಭಾರ, ಸಿಡುಕು, ಗಮನ ಜಾರುವುದು. ಮೈತೂಕದ ನೂರಕ್ಕೆ 2 ಪಾಲಿಗಿಂತ ಹೆಚ್ಚು ನೀರು ಹೋದರೆ ಏಕಾಗ್ರತೆ ಕೆಡುತ್ತದೆ ಅನ್ನುವುದು ಹಲವು ಪ್ರಯೋಗಗಳಲ್ಲಿ ಕಂಡ ಸಂಗತಿ. ಇದನ್ನು ನಮ್ಮ ಲೆಕ್ಕಕ್ಕೆ ತಂದು ನೋಡೋಣ. ನಾಲ್ಕನೇ ಕ್ಲಾಸಿನ ಹುಡುಗಿ, ತೂಕ 25 ಕೆ.ಜಿ. ನೂರಕ್ಕೆ 2 ಅಂದರೆ ಅರ್ಧ ಕೆ.ಜಿ., ಅಂದರೆ ಅರ್ಧ ಲೀಟರ್. ಒಂದು ಚೊಂಬು ನೀರು, ಅಷ್ಟೇ. ಮಾರ್ಚಿ ತಿಂಗಳಲ್ಲಿ ಬೆಳಗ್ಗೆ ಎದ್ದು ಎರಡು ಬಿಂದಿಗೆ ನೀರು ಹೊತ್ತು, ಹಸುವಿಗೆ ಹುಲ್ಲು ಹಾಕಿ, ಎರಡು ಮೈಲಿ ನಡೆದು ಬಂದು ಶೀಟಿನ ಸೂರಿನ ಕೆಳಗೆ ಕೂತವಳು ಮಧ್ಯಾಹ್ನದ ಹೊತ್ತಿಗೆ ಈ ಚೊಂಬನ್ನು ಕಳೆದುಕೊಂಡಿರುವುದು ಏನೂ ಹೆಚ್ಚಲ್ಲ. ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಮಗ್ಗಿ ಕೇಳುತ್ತಾರೆ.

2005ರಲ್ಲಿ ಇಸ್ರೇಲಿನ ಮರುಭೂಮಿ ಸೀಮೆಯ ಶಾಲೆಮಕ್ಕಳ ಮೇಲಿನ ಒಂದು ಅಧ್ಯಯನ ಹೊರಬಂತು. ನೀರು ಸಾಲದ ಮಕ್ಕಳು ಕೇಳಿದ ಅಂಕಿಗಳನ್ನು ನೆನಪಿಟ್ಟು ಹೇಳುವುದರಲ್ಲಿ ಹಿಂದೆ ಬಿದ್ದದ್ದು ಅದರಲ್ಲಿ ಕಂಡಿತು. 2009ರಲ್ಲಿ ಇಂಗ್ಲೆಂಡಿನಲ್ಲಿ ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ನೀರು ಕುಡಿಸಿ ನೋಡಿದಾಗ ಕಣ್ಣಿನ ಗಮನ ಬೇಡುವ ಕೆಲಸವನ್ನು ಅವರು ಇನ್ನಷ್ಟು ಚೆನ್ನಾಗಿ ಮಾಡಿದರು. ಇವು ಸಣ್ಣ ಅಧ್ಯಯನಗಳು, ಸಿಕ್ಕ ವ್ಯತ್ಯಾಸವೂ ಬೆಟ್ಟದಷ್ಟಲ್ಲ. ಬಿಂದಿಗೆಗಟ್ಟಲೆ ಕುಡಿದರೆ ಜಾಣರಾಗುತ್ತಾರೆ ಅಂತ ಇದರ ಅರ್ಥವಲ್ಲ. ಅದು ಬಾಟಲಿ ನೀರು ಮಾರುವವರ ವೇದಾಂತ. ಬಾಯಾರಿದವರು ಕುಡಿದರೆ ಮೆದುಳು ತನ್ನ ಕೆಲಸಕ್ಕೆ ಮರಳುತ್ತದೆ, ಅಷ್ಟು ಮಾತ್ರ.

ಹಾಗಾದರೆ ಮಗು ಯಾಕೆ ಕುಡಿಯುವುದಿಲ್ಲ? 2019ರಲ್ಲಿ ಕೇರಳದ ಶಾಲೆಗಳಲ್ಲಿ 'ನೀರಿನ ಗಂಟೆ' ಶುರುವಾಯಿತು. ದಿನಕ್ಕೆ ಇಷ್ಟು ಸಲ ಗಂಟೆ ಹೊಡೆದು ಮಕ್ಕಳಿಗೆ ನೀರು ಕುಡಿಯಲು ಬಿಡಬೇಕು. ನಮ್ಮ ರಾಜ್ಯದ ಶಾಲೆಗಳಿಗೂ ಆ ವಿಚಾರ ಬಂತು. ಒಳ್ಳೆಯದೇ. ಆದರೆ ಗಂಟೆ ಬಾರಿಸಿದವರು ಹೆಣ್ಣುಮಕ್ಕಳನ್ನು ಕೇಳಿ ನೋಡಬೇಕಿತ್ತು. ಕಕ್ಕಸಿಗೆ ಬಾಗಿಲಿಲ್ಲ, ಬಾಗಿಲಿದ್ದರೆ ಬೀಗ, ಬೀಗ ತೆಗೆದರೆ ಒಳಗೆ ನೀರಿಲ್ಲ. ಅಂಥ ಶಾಲೆಯಲ್ಲಿ ಹುಡುಗಿ ಬೆಳಗ್ಗೆಯಿಂದಲೇ ಲೆಕ್ಕ ಹಾಕಿ ನೀರು ಕುಡಿಯುವುದನ್ನು ಬಿಡುತ್ತಾಳೆ. ಅವಳವ್ವನೂ ಅಷ್ಟೇ. ಕತ್ತಲಾಗುವವರೆಗೆ ಕಾಯಬೇಕಾದವರು ಹಗಲು ನೀರು ಮುಟ್ಟುವುದಿಲ್ಲ. ಇದು ನಮ್ಮ ಹೆಂಗಸರು ತಲೆತಲಾಂತರದಿಂದ ಕಲಿತ ವಿದ್ಯೆ. ತಲೆನೋವು ಅಂತ ಹಣೆಗೆ ಬಟ್ಟೆ ಬಿಗಿದುಕೊಂಡು ಅಡಿಕೆ ಸುಲಿಯುತ್ತಾ ಕೂರುತ್ತಾರೆ.

ಇನ್ನು ಮುಟ್ಟು-ಮೈಲಿಗೆಯ ಕತೆ. ಬಾಬಾಸಾಹೇಬರು ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದಿದ್ದಾರೆ. ಬೇರೆ ಮಕ್ಕಳು ನಲ್ಲಿ ತಿರುಗಿಸಿ ಕುಡಿಯಬಹುದಿತ್ತು. ಅವರು ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ತಿರುಗಿಸಬೇಕು, ಜವಾನ ಬರದಿದ್ದರೆ ನೀರಿಲ್ಲ. ಆ ಬಾಯಾರಿದ ಹುಡುಗನೇ ಮುಂದೆ ಸಂವಿಧಾನ ಬರೆದ ಅಂತ ಎದೆ ತಟ್ಟಿಕೊಳ್ಳುವುದು ನಮಗೆ ಸುಲಭ. ಅದೇ ಜವಾನನಿಗೆ ಕಾದು ಕಾದು ಶಾಲೆಯಿಂದಲೇ ಎದ್ದುಹೋದವರು ಎಷ್ಟು ಜನ? ಅವರನ್ನು ನಾವೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಒಬ್ಬ ದಾಟಿದ್ದನ್ನು ತೋರಿಸಿ 'ನೋಡಿ, ಮನಸ್ಸು ಮಾಡಿದರೆ ಆಗುತ್ತೆ' ಅನ್ನುವವರು ಮುಳುಗಿದವರನ್ನು ದಡ್ಡರು ಅಂತ ಬರೆದುಕೊಳ್ಳುತ್ತಾರೆ.

1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಬೊಗಸೆ ನೀರು ಎತ್ತಿಕೊಂಡದ್ದಕ್ಕೆ ಕೋರ್ಟಿನ ತೀರ್ಪು ಸಿಗಲು 1937 ಬರಬೇಕಾಯಿತು. ಹತ್ತು ವರ್ಷ. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರು ಹಿಡಿದು ಬರೆದದ್ದು ಸುಮ್ಮನೆ ಅಲ್ಲ. ಅಷ್ಟಾದರೂ 2022ರ ನವೆಂಬರಿನಲ್ಲಿ ಚಾಮರಾಜನಗರದ ಹೆಗ್ಗೊಠಾರದಲ್ಲಿ ದಲಿತ ಹೆಂಗಸೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದರು.

ಈಗ ಬುದ್ಧಿಯ ಮಾತಿಗೆ ಬರೋಣ. ಹಳೇ ಮೈಸೂರು ಸೀಮೆಯ ಕೆರೆಗಳ ನೀರನ್ನು ಯಾರು ಹಂಚುತ್ತಿದ್ದರು? ನೀರುಗಂಟಿ. ಸಾಮಾನ್ಯವಾಗಿ ನಮ್ಮವನೇ, ಕೇರಿಯವನೇ. ಜನಪದರು ಹಾಡು ಕಟ್ಟಿದ ಕುಣಿಗಲ್ ಕೆರೆಯಂಥ ದೊಡ್ಡ ಕೆರೆಯಿರಲಿ, ಗುಬ್ಬಿ ಕಡೆಯ ಸಣ್ಣ ಕಟ್ಟೆಯಿರಲಿ, ಯಾವ ದಿನ ತೂಬು ಎತ್ತಬೇಕು, ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಅನ್ನುವುದೆಲ್ಲ ನೀರುಗಂಟಿಯ ತಲೆಯಲ್ಲಿ. ಮಳೆಗಾಲದ ರಾತ್ರಿ ಏರಿ ಮೇಲೆ ನಡೆದು ಇಲಿಬಿಲ, ಏಡಿಬಿಲ ಎಲ್ಲಿ ಜಿನುಗುತ್ತಿದೆ ಅಂತ ಕಾಲಲ್ಲೇ ಕಂಡುಹಿಡಿದು ಮುಚ್ಚಬೇಕು. ಕೋಡಿ ಬೀಳುವ ಮುನ್ನ ತಮಟೆ ಹೊಡೆದು ಊರಿಗೆ ಸಾರಬೇಕು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಯಾರು ಎಷ್ಟು ನಾಟಿ ಮಾಡಬಹುದು ಅನ್ನುವ ಲೆಕ್ಕ, ಆವಿಯಾಗಿ ಹೋಗುವುದೆಷ್ಟು, ನೆಲ ಹೀರುವುದೆಷ್ಟು ಅನ್ನುವ ಅಂದಾಜು, ಎರಡು ಮನೆತನಗಳು ಗುದ್ದಲಿ ಹಿಡಿದು ನಿಂತಾಗ ನಡುವೆ ನಿಲ್ಲುವ ಎದೆಗಾರಿಕೆ. ಇಷ್ಟನ್ನೂ ಕಾಗದವಿಲ್ಲದೆ, ಗಡಿಯಾರವಿಲ್ಲದೆ ಮಾಡಿದವನ ತಲೆಯಲ್ಲಿ ಇದ್ದದ್ದು ಜೇಡಿಮಣ್ಣೇ? ಇಂದು ಇದೇ ಕೆಲಸಕ್ಕೆ ಇಂಜಿನಿಯರನನ್ನು ನೇಮಿಸಿ ಜೀಪು ಕೊಡುತ್ತಾರೆ.

ಊರಿನ ಎಲ್ಲ ಗದ್ದೆಗೂ ನೀರು ಹಾಯಿಸಿದ ಆ ಕೈ ಊರ ಸೇದುವ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಬಾವಿಕಟ್ಟೆಯ ಕೆಳಗೆ ಬೊಗಸೆ ಒಡ್ಡಿ ನಿಂತರೆ ಯಾರಾದರೂ ಪುಣ್ಯಾತ್ಮರು ಮೇಲಿನಿಂದ ಹುಯ್ಯಬೇಕು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯದ ಕಾಳು ಎತ್ತಿಕೊಳ್ಳಬೇಕು. ಇದನ್ನು ನೆನೆದು ಹಳೆಯ ಗ್ರಾಮವ್ಯವಸ್ಥೆ ಚೆನ್ನಾಗಿತ್ತು ಅಂತ ಹಾಡುವವರಿದ್ದಾರೆ, ನಮ್ಮ ಪರಿಸರವಾದಿ ಗೆಳೆಯರಲ್ಲೂ ಇದ್ದಾರೆ. ನಾವು ಹಾಡುವುದಿಲ್ಲ. ಅದು ಜಾತಿ ಹೇರಿದ ಬಿಟ್ಟಿಯಂಥ ಚಾಕರಿ. ತೋಟಿ, ತಳವಾರಿಕೆ, ನೀರುಗಂಟಿತನಗಳು 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆಗಳಾಗಿ ರದ್ದಾದವು; ರದ್ದಾಗಲೇಬೇಕಿತ್ತು. ನಾವು ಹೇಳುವುದು ಇಷ್ಟೆ: ಕುಡಿಯುವ ನೀರನ್ನು ತಡೆದವರು ಮತ್ತು ಬುದ್ಧಿ ಇಲ್ಲ ಅಂದವರು ಒಬ್ಬರೇ, ಅದೂ ನಮ್ಮ ಬುದ್ಧಿಯಿಂದ ಬೆಳೆದ ಅನ್ನವನ್ನು ಉಣ್ಣುತ್ತಾ.

ಆಮೇಲೆ ಕೆರೆಗಳು ಹೂಳು ತುಂಬಿದವು, ಬೋರು ಬಂತು. ಮೊದಮೊದಲು ನಮಗೆ ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಬೇಕು! ಕೇರಿಗೇ ಒಂದು ಬೋರು, ಕೇರಿಗೇ ಒಂದು ತೊಂಬೆ. ಯಾರ ಬಾವಿಯ ಕೆಳಗೂ ಬೊಗಸೆ ಒಡ್ಡಬೇಕಿಲ್ಲ. ಮೈಲಿಗೆಯ ಜಗಳ ತಪ್ಪಿಸಲು ಸರ್ಕಾರ ಕಂಡುಕೊಂಡ ಉಪಾಯವೂ ಅದೇ: ನಿಮ್ಮದು ನಿಮಗೆ, ಅವರದು ಅವರಿಗೆ. ಆದರೆ ತುಂಗಭದ್ರೆಯಿಂದ ಕಾವೇರಿವರೆಗಿನ ನಮ್ಮ ಗಟ್ಟಿಬಂಡೆಯ ನೆಲದಲ್ಲಿ ಒಂದು ಗುಟ್ಟಿದೆ. ಗ್ರಾನೈಟು ಜಾತಿಯ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಆ ಬಿರುಕುಗಳಲ್ಲಿ ಬಹುಕಾಲ ನಿಂತಷ್ಟೂ, ಅದರಲ್ಲಿ ಸುಣ್ಣದಂಶ ಕಡಿಮೆಯಿದ್ದಷ್ಟೂ ಫ್ಲೋರೈಡ್ ಹೆಚ್ಚು ಕರಗುತ್ತದೆ. ಮಳೆಯ ಹೊಸ ನೀರು ಇಳಿಯದೆ ಅಂತರ್ಜಲ ಕುಸಿದು, ಬೋರು ಇನ್ನೂರು ಅಡಿಯಿಂದ ಸಾವಿರ ಅಡಿಗೆ ಹೋದಂತೆ ನಾವು ಕುಡಿಯುವುದು ಕಲ್ಲಿನ ಹಳೆಯ ಬೆವರನ್ನು.

ಈ ಕಾಯಿಲೆ ನಮ್ಮ ದೇಶದಲ್ಲಿ ಹೊಸದಲ್ಲ. ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಜನರ ಬೆನ್ನುಮೂಳೆ ಸೆಟೆದುಕೊಂಡದ್ದಕ್ಕೆ ನೀರಿನ ಫ್ಲೋರೈಡೇ ಕಾರಣ ಅಂತ 1937ರಲ್ಲೇ ವೈದ್ಯರು ಬರೆದರು. ಮಹಾಡದ ತೀರ್ಪು ಬಂದ ಅದೇ ವರ್ಷ. ನಮ್ಮ ಜಿಲ್ಲೆಯಲ್ಲಿ ಪಾವಗಡದ ಮಕ್ಕಳ ಹಲ್ಲಿನ ಕಂದುಪಟ್ಟೆ ಎಲ್ಲರಿಗೂ ಗೊತ್ತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಆ ಮಕ್ಕಳು ಸಣ್ಣವರಿರುವಾಗಲೇ ಕಲಿಯುತ್ತಾರೆ. ಗುಬ್ಬಿ, ಕುಣಿಗಲ್‌ನವರು ಇದು ಪಾವಗಡದ ಪಾಡು ಅಂತ ಸುಮ್ಮನೆ ಕೂರುವ ಹಾಗಿಲ್ಲ. ಒಂದು ಬೋರಿನ ನೀರು ಚೆನ್ನಾಗಿದ್ದು ಕೂಗಳತೆಯ ದೂರದ ಇನ್ನೊಂದು ಕೆಟ್ಟಿರಬಹುದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಿಗೆಗೆ ಸಿಕ್ಕುವುದಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ.

ಹಲ್ಲು, ಮೂಳೆ ಸರಿ, ಮೆದುಳು? 2024ರ ಆಗಸ್ಟಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿ ಒಂದು ತೀರ್ಮಾನ ಹೇಳಿದರು. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯುವ ಮಕ್ಕಳ ಐಕ್ಯೂ ಕಡಿಮೆ ಇರುವುದು ಕಂಡುಬರುತ್ತದೆ. ಇದರ ಬಗ್ಗೆ ತಮಗೆ ಮಧ್ಯಮ ಮಟ್ಟದ ಭರವಸೆ ಇದೆ ಅಂದರು. ಅವರ ಪಟ್ಟಣಗಳಲ್ಲಿ ಹಲ್ಲಿನ ರಕ್ಷಣೆಗೆ ಬೆರೆಸುವ 0.7ರ ಮಟ್ಟದ ಬಗ್ಗೆ ಹೇಳಲು ಪುರಾವೆ ಸಾಲದು ಅಂತಲೂ ಅಂದರು. ಈ ಅಧ್ಯಯನಗಳಲ್ಲಿ ಬಹಳಷ್ಟರ ವಿಧಾನ ಸಡಿಲ ಅನ್ನುವ ವಾದವಿದೆ. ಇರಲಿ. ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಅನ್ನುವುದು ನಮ್ಮ ದೇಶದ ಮಾನದಂಡ. ಅಂದರೆ ಅಮೆರಿಕದವರಿಗೆ ಎಲ್ಲಿಂದ ಅನುಮಾನ ಶುರುವಾಗುತ್ತದೋ ಅಲ್ಲಿಯವರೆಗೆ ಬೇರೆ ನೀರಿಲ್ಲದವರು ಕುಡಿಯಬಹುದು. ಬೇರೆ ನೀರಿಲ್ಲದವರು ಯಾರು ಅಂತ ಬಿಡಿಸಿ ಹೇಳಬೇಕೆ?

ಈ ಮಾನದಂಡದಲ್ಲಿ ಇನ್ನೊಂದು ಕೊಕ್ಕೆಯಿದೆ. ದೊಡ್ಡವರು ದಿನಕ್ಕೆ 2 ಲೀಟರ್ ಕುಡಿಯುತ್ತಾರೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯವರು ಇಂಥ ಲೆಕ್ಕಕ್ಕೆ ಇಟ್ಟುಕೊಳ್ಳುವ ಅಂದಾಜು. ಫ್ಯಾನಿನ ಕೆಳಗೆ ಕೂತವರ ಲೆಕ್ಕ ಅದು. ಇಟ್ಟಿಗೆ ಗೂಡಿನಲ್ಲಿ, ಕಲ್ಲು ಕ್ವಾರಿಯಲ್ಲಿ, ತೆಂಗಿನ ತೋಟದ ಪಾತಿಯಲ್ಲಿ ದುಡಿಯುವವನು ಬೇಸಿಗೆಯಲ್ಲಿ 5 ಲೀಟರ್ ಕುಡಿದಾನು. 1.5ರ ನೀರೇ ಆದರೂ ಕೂತವನ ಹೊಟ್ಟೆಗೆ 3 ಮಿಲಿಗ್ರಾಂ, ದುಡಿಯುವವನ ಹೊಟ್ಟೆಗೆ ಏಳೂವರೆ. ಹಾಗಾಗಿ ಈ ನೀರಿನ ಊರುಗಳಲ್ಲಿ ಕುಡಿಯದಿದ್ದರೆ ತಲೆ ಸುತ್ತುತ್ತದೆ, ಕುಡಿದರೆ ಒಳಗೆ ಸೇರುತ್ತದೆ. 'ದಿನಾ ಚೆನ್ನಾಗಿ ನೀರು ಕುಡೀರಿ' ಅಂತ ಆರೋಗ್ಯ ಇಲಾಖೆಯ ಪೋಸ್ಟರ್ ಗೋಡೆಯಲ್ಲಿ ನಗುತ್ತಿರುತ್ತದೆ. ಕಲ್ಪತರು ನಾಡು ಅಂತ ಹೆಸರು ನಮ್ಮದು. ಎಳನೀರು ಲಾರಿ ಹತ್ತಿ ಪಟ್ಟಣಕ್ಕೆ ಹೋಗುತ್ತದೆ; ಮರ ಹತ್ತಿ ಕೆಡವಿದವನು ಬೋರಿನ ನೀರು ಕುಡಿಯುತ್ತಾನೆ.

ಫ್ಲೋರೈಡಿಗೆ ಜಾತಿ ಗೊತ್ತೇ? ನಮ್ಮ ಗೆಳೆಯರೇ ಕೆಲವರು ಕೇಳಿದ್ದಾರೆ. ಗೊತ್ತಿಲ್ಲ. ಗೌಡರ ಬೋರಿನಲ್ಲೂ ಅದಿದೆ. ಆದರೆ ಗೌಡರ ಮನೆಯಲ್ಲಿ ಗೋಡೆಗೆ ನೇತುಹಾಕಿದ ಆರ್‌ಓ ಮಿಷಿನ್ನಿದೆ. ಊರಿಗೆ ಶುದ್ಧ ನೀರಿನ ಘಟಕ ಬಂತು. ಅದು ಕೂತದ್ದು ಬಸ್‌ಸ್ಟ್ಯಾಂಡ್ ಹತ್ತಿರ, ದೇವಸ್ಥಾನದ ಹತ್ತಿರ. ಕೇರಿಯಿಂದ ಕ್ಯಾನು ಹೊತ್ತು ಹೋಗಬೇಕು. 20 ಲೀಟರಿಗೆ 5 ರೂಪಾಯಿ ಅಂದರೂ ದಿನಕ್ಕೊಂದು ಕ್ಯಾನಿಗೆ ತಿಂಗಳಿಗೆ 150 ರೂಪಾಯಿ, ಅದೂ ಮಿಷಿನ್ ಕೆಟ್ಟು ನಿಲ್ಲದಿದ್ದರೆ. ಕುಡಿಯಲು ಆ ನೀರು, ಅಡುಗೆಗೆ ಬೋರಿನದು. ಮುದ್ದೆಯಲ್ಲಿ, ಸಾರಿನಲ್ಲಿ ಫ್ಲೋರೈಡ್ ಒಳಗೆ ಹೋಗೇ ಹೋಗುತ್ತದೆ. ಹಾಲು ಕಾಣದ, ಹೊಟ್ಟೆಗೆ ಸಾಲದ ಮೈಯಲ್ಲಿ ಅದರ ಏಟು ಇನ್ನೂ ಜೋರು. ಹಿಂದೆ ನಮ್ಮ ನೀರು ತಡೆದವನ ಮುಖ ಕಾಣುತ್ತಿತ್ತು, ಅವನ ಹೆಸರು ಹಿಡಿದು ದೂರು ಕೊಡಬಹುದಿತ್ತು. ಈಗ ಮುಖವೇ ಇಲ್ಲ. ಬಂಡೆಯದ್ದೇ ತಪ್ಪು, ಮಳೆಯದ್ದೇ ತಪ್ಪು, ಟೆಂಡರಿನದ್ದೇ ತಪ್ಪು. ನೀರು ಕೆಟ್ಟಿದೆ ಅಂತ ಗೊತ್ತಿದ್ದೂ ಕಡತ ಮುಚ್ಚಿಟ್ಟವನು ಬಾವಿಗೆ ಕಾವಲು ನಿಂತವನಿಗಿಂತ ಎಷ್ಟು ಕಡಿಮೆ ತಪ್ಪಿತಸ್ಥ? ನಮ್ಮ ಪ್ರಕಾರ ಒಂದಿಂಚೂ ಕಡಿಮೆಯಲ್ಲ. 2024ರ ಜೂನಿನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿಭೇದಿಯಾಗಿ ಹಲವರು ಸತ್ತಾಗ ಎಲ್ಲರ ಬಾಯಲ್ಲೂ ನೀರಿನ ಮಾತೇ.

ಮಕ್ಕಳ ಮಾತಾಯಿತು, ಮುದುಕರದ್ದೂ ಒಂದಿದೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆಯಾಗುತ್ತದೆ. ಏಪ್ರಿಲಿನ ಬಿಸಿಲಲ್ಲಿ ಅಜ್ಜಿ ಇದ್ದಕ್ಕಿದ್ದಂತೆ ಏನೇನೋ ಬಡಬಡಿಸಿದರೆ, ಮಗನನ್ನೇ 'ಯಾರಪ್ಪಾ ನೀನು' ಅಂದರೆ, ಗಾಳಿ ಸೋಕಿದೆ ಅಂತ ತಾಯತಕ್ಕೆ ಓಡುತ್ತೇವೆ. ಎಷ್ಟೋ ಸಲ ಅದು ಮೈಯ ನೀರು, ಉಪ್ಪು ಏರುಪೇರಾಗಿ ಮೆದುಳು ತಬ್ಬಿಬ್ಬಾದದ್ದು. ಆಸ್ಪತ್ರೆಗೆ ಒಯ್ಯಬೇಕು, ದಾರಿಯಲ್ಲಿ, ಎಚ್ಚರವಿದ್ದು ನುಂಗುವ ಹಾಗಿದ್ದರೆ, ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಬೇಕು. ದೆವ್ವ ಬಿಡಿಸುವವನಿಗೆ ಕೊಡುವ ಕೋಳಿ ಮನೆಯಲ್ಲೇ ಇರಲಿ.

ಈಗ ನಮ್ಮನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ. 'ಕೆಟ್ಟ ನೀರಿನಿಂದ ನಮ್ಮ ಮಕ್ಕಳ ಬುದ್ಧಿ ಮಂಕಾಗುತ್ತಿದೆ, ಒಳ್ಳೆ ನೀರು ಕೊಡಿ' ಅಂತ ನಾವು ಬೀದಿಯಲ್ಲಿ ಕೂಗಿದರೆ ಏನಾಗುತ್ತದೆ? ಜೇಡಿಮಣ್ಣು ಅಂದವರು ಎದ್ದು ನಿಂತು, 'ನೋಡಿ, ಅವರೇ ಒಪ್ಪಿಕೊಂಡರು' ಅನ್ನುತ್ತಾರೆ. ನಿನ್ನೆಯವರೆಗೆ ಹುಟ್ಟಿನಿಂದ ದಡ್ಡರಾಗಿದ್ದವರು ಇವತ್ತು ನೀರಿನಿಂದ ದಡ್ಡರು. ಸುಮ್ಮನಿದ್ದರೆ ಮಕ್ಕಳಿಗೆ ಆಗುತ್ತಿರುವ ಕೇಡನ್ನು ನಾವೇ ಮುಚ್ಚಿಟ್ಟಂತೆ. ಅಧ್ಯಯನ ಹೇಳುವುದು ಗುಂಪಿನ ಸರಾಸರಿಯನ್ನು. ಎದುರಿಗೆ ಕೂತ ಈ ಹುಡುಗಿ ಏನಾಗಬಲ್ಲಳು ಅನ್ನುವುದನ್ನು ಯಾವ ಅಧ್ಯಯನವೂ ಹೇಳಿಲ್ಲ. ಐಕ್ಯೂ ಅನ್ನುವ ಅಳತೆಯೇ ಯಾರು ಮಾಡಿದ್ದು, ನೀರುಗಂಟಿಯ ಬುದ್ಧಿಯನ್ನು ಅದು ಯಾವ ಕಾಲಂನಲ್ಲಿ ಬರೆದೀತು ಅನ್ನುವ ಜಗಳವೂ ಇದೆ. ಇದನ್ನು ನಮ್ಮ ವಿದ್ಯಾರ್ಥಿ ಗೆಳೆಯರು ಬಾಯಿಪಾಠ ಮಾಡಿಕೊಂಡಿರಬೇಕು, ಯಾಕೆಂದರೆ ಕ್ಲಾಸಿನಲ್ಲಿ ಈ ಮಾತು ಬಂದೇ ಬರುತ್ತದೆ.

ಅದಕ್ಕಿಂತ ಮುಖ್ಯವಾದದ್ದು, ನಾವು ನೀರು ಕೇಳುವುದು ಯಾವ ಬಲದ ಮೇಲೆ? ಬುದ್ಧಿ ಬೆಳೆಯುತ್ತದೆ, ರ‍್ಯಾಂಕು ಬರುತ್ತದೆ, ದೇಶಕ್ಕೆ ಉಪಯೋಗವಾಗುತ್ತದೆ ಅನ್ನುವುದರ ಮೇಲೋ? ಹಾಗಾದರೆ ಬುದ್ಧಿ ಬೆಳೆಯದ ಮಗುವಿಗೆ, ಮಲಗಿದಲ್ಲೇ ಇರುವ ಮಗುವಿಗೆ ಕೆಟ್ಟ ನೀರು ಸಾಕೆ? ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ನೆಲ ಕುಣಿಗಲ್. ಓಟದಲ್ಲಿ ಗೆದ್ದ ಕುದುರೆಗೆ ಮಾತ್ರ ಒಳ್ಳೆ ನೀರು ಅಂತ ಯಾವ ಲಾಯದವನೂ ಹೇಳಲಾರ. ಕೆಟ್ಟ ನೀರು ಮೆದುಳಿಗೆ ಮಾಡುವ ಕೇಡು ನಮ್ಮ ದೂರಿನಲ್ಲಿ ಇರಬೇಕು, ಇಂಥ ದಿನ ಇಂಥ ಬೋರಿನಲ್ಲಿ ಇಷ್ಟಿತ್ತು ಅಂತ ಅಂಕಿಯೊಂದಿಗೆ ಇರಬೇಕು. ಅದು ಮಾಡಿದವರ ಮೇಲಿನ ದೂರು, ಮಕ್ಕಳ ಬಗೆಗಿನ ಸರ್ಟಿಫಿಕೇಟಲ್ಲ. ನೀರಿನ ಹಕ್ಕಿಗೆ ಬುದ್ಧಿಯ ಜಾಮೀನು ಬೇಕಿಲ್ಲ.

ಈ ದಿನಗಳಲ್ಲಿ ಜಿಲ್ಲೆಯ ದೊಡ್ಡ ಜಗಳ ಹೇಮಾವತಿಯದು. ಗೊರೂರಿನ ಅಣೆಕಟ್ಟಿನಿಂದ ನಾಲೆಯಲ್ಲಿ ಬರುವ ನೀರು ಬುಗುಡನಹಳ್ಳಿ ಕೆರೆ ತುಂಬಿ ತುಮಕೂರು ನಗರಕ್ಕೆ ಕುಡಿಯಲು ಹೋಗುತ್ತದೆ. ಕುಣಿಗಲ್ ನಾಲೆಯ ಕೊನೆಯಲ್ಲಿದೆ, ತನ್ನ ಪಾಲು ತನಗೆ ಮುಟ್ಟುತ್ತಿಲ್ಲ ಅನ್ನುತ್ತದೆ. ಅದಕ್ಕೆ ಗುಬ್ಬಿ ತಾಲ್ಲೂಕಿನಿಂದಲೇ ಪೈಪಿನಲ್ಲಿ ನೇರ ಒಯ್ಯುವ, ಸುಮಾರು 1,000 ಕೋಟಿ ರೂಪಾಯಿಯ ಲಿಂಕ್ ಕೆನಾಲ್. ಒಯ್ದರೆ ನಮ್ಮ ಗತಿಯೇನು ಅಂತ ಗುಬ್ಬಿ, ತುಮಕೂರಿನವರು 2024ರಲ್ಲಿ, 2025ರಲ್ಲಿ ಬೀದಿಗಿಳಿದರು. ಎರಡೂ ಕಡೆ ನ್ಯಾಯವಿಲ್ಲ ಅಂತ ನಾವು ಹೇಳುವುದಿಲ್ಲ. ಕೊನೆಯ ಗದ್ದೆಯವನ ಸಂಕಟವನ್ನು ನೀರುಗಂಟಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಎರಡೂ ಕಡೆಯ ಭಾಷಣಗಳಲ್ಲಿ ತೋಟ ಬಂತು, ಕೆರೆ ಬಂತು, ಪಕ್ಷ ಬಂತು. ತೋಟವೂ ಇಲ್ಲದ, ಕೆರೆಯ ಅಚ್ಚುಕಟ್ಟಿನಲ್ಲಿ ಗುಂಟೆಯೂ ಇಲ್ಲದ ಕೇರಿಯ ಬಿಂದಿಗೆ ಎಲ್ಲಿ ಬಂತು?

ಜಲಜೀವನ್ ಮಿಷನ್ 2019ರಲ್ಲಿ ಶುರುವಾದಾಗ ತಲೆಗೆ ದಿನಕ್ಕೆ 55 ಲೀಟರ್ ಅಂದರು, ಹಳ್ಳಿಹಳ್ಳಿಯಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷಿಸಲು ಕಲಿಸಬೇಕು ಅಂದರು, ಪರೀಕ್ಷೆಯ ಪೆಟ್ಟಿಗೆ ಕೊಡಬೇಕು ಅಂದರು. ಆ ಪೆಟ್ಟಿಗೆ ಪಂಚಾಯ್ತಿಯ ಬೀರುವಿನಲ್ಲಿ ಧೂಳು ತಿನ್ನುತ್ತಿದೆಯೋ, ಕೆಲಸ ಮಾಡುತ್ತಿದೆಯೋ, ಆ ಐವರಲ್ಲಿ ಕೇರಿಯ ಹೆಂಗಸು ಇದ್ದಾಳೋ, ಕೇಳಬೇಕು. ಮೇಷ್ಟ್ರಾಗಿರುವ ಗೆಳೆಯರು ಶಾಲೆಯ ನೀರನ್ನೇ ಮೊದಲು ಪರೀಕ್ಷೆಗೆ ಕಳಿಸಬಹುದು. ಹೆಣ್ಣುಮಕ್ಕಳ ಕಕ್ಕಸಿನ ಬೀಗದ ಕೈಯನ್ನು ಹೆಣ್ಣುಮಕ್ಕಳ ಕೈಗೇ ಕೊಡಬಹುದು. ಸಂಘಟನೆಯವರು ಮುಂದಿನ ಗ್ರಾಮಸಭೆಯಲ್ಲಿ ಒಂದು ಠರಾವು ಬರೆಸಲಿ: ಪ್ರತಿ ತೊಂಬೆಯ ಮೇಲೆ, ಶಾಸಕರ ಹೆಸರು ಬರೆದಷ್ಟೇ ದಪ್ಪ ಅಕ್ಷರದಲ್ಲಿ, ಆ ನೀರಿನ ಫ್ಲೋರೈಡ್ ಎಷ್ಟು, ಯಾವ ತಾರೀಕಿನಲ್ಲಿ ನೋಡಿದ್ದು ಅಂತ ಬರೆಯಬೇಕು. ಪಂಚಾಯ್ತಿಯಲ್ಲಿ ವಾಲ್ವು ತಿರುಗಿಸುವವನನ್ನು ಇವತ್ತಿಗೂ ನೀರುಗಂಟಿ ಅಂತಲೇ ಕರೆಯುತ್ತಾರೆ. ಬಣ್ಣದ ಡಬ್ಬಿಯನ್ನು ಅವನ ಕೈಗೆ ಕೊಡಲಿ.